ಗುಜರಿಯಿಂದ ಮೇಜಿಗೆ: ಹಳೆಯ ಗಣಕಗಳ ಮರುಹುಟ್ಟು

ಸೋರಿದ ಬ್ಯಾಟರಿ, ಎಲ್ಲೂ ಸಿಗದ ಚಿಪ್, ಬೂಷ್ಟು ಹಿಡಿದ ಫ್ಲಾಪಿ, ಮನೆಯಲ್ಲಿ ಜಾಗದ ತಕರಾರು. ನಲವತ್ತು ವರ್ಷದ ಹಿಂದಿನ ಕಂಪ್ಯೂಟರನ್ನು ಮತ್ತೆ ಓಡಿಸಹೊರಟವರಿಗೆ ಅಡ್ಡಿಗಳು ಒಂದೆರಡಲ್ಲ. ಆದರೂ ಬಿಡದೆ ಹಿಡಿದವರಿದ್ದಾರೆ. ಅವರ ಸಂಭ್ರಮ, ಸಂಕಟಗಳ ಲೋಕದಲ್ಲೊಂದು ಸುತ್ತು.

ಬಿಬಿಸಿ ಮೈಕ್ರೊ ಕಂಪ್ಯೂಟರಿನ ಸ್ವಿಚ್ ಹಾಕಿದೊಡನೆ ಎರಡು ಸದ್ದು ಕೇಳಬೇಕು. ಮೊದಲನೆಯದು ತಗ್ಗಿದ ದನಿ, ಅದರ ಬೆನ್ನಿಗೇ ಚುರುಕಾದೊಂದು ಬೀಪ್. ಅಷ್ಟರಲ್ಲಿ ಪರದೆಯ ಮೇಲೆ ಯಂತ್ರದ ಹೆಸರು, 32ಕೆ ಮೆಮೊರಿಯ ಲೆಕ್ಕ, ಕೆಳಗೆ ಮಿಟುಕುವ ಕರ್ಸರ್ ಬಂದಿರುತ್ತದೆ. ಮೊದಲ ಸದ್ದು ನಿಲ್ಲದೆ ಗುಂಯ್‌ಗುಡುತ್ತಲೇ ಇದ್ದರೆ ಪ್ರೊಸೆಸರ್ ಎಚ್ಚರಗೊಂಡಿಲ್ಲ ಎಂದರ್ಥ. ವಿದ್ಯುತ್ ಹರಿದೊಡನೆ ಧ್ವನಿಯ ಚಿಪ್ ತಾನಾಗಿ ಕೂಗತೊಡಗುತ್ತದೆ. ಅದನ್ನು ಸುಮ್ಮನಾಗಿಸುವುದು ಪ್ರೊಸೆಸರಿನ ಮೊದಮೊದಲ ಕೆಲಸಗಳಲ್ಲೊಂದು. ಹಳೆಯ ಗಣಕಗಳನ್ನು ರಿಪೇರಿ ಮಾಡುವವರು ವಾರಗಟ್ಟಲೆ ಕೂತು ಕಾಯುವುದು ಆ ಎರಡನೆಯ ಬೀಪ್‌ಗಾಗಿ.

ಈ ಯಂತ್ರಕ್ಕೂ ನಮಗೂ ನಂಟಿದೆ. ಬ್ರಿಟನ್ನಿನ ಏಕಾರ್ನ್ ಕಂಪನಿ 1981ರ ಡಿಸೆಂಬರಿನಲ್ಲಿ ಹೊರತಂದ ಬಿಬಿಸಿ ಮೈಕ್ರೊವನ್ನೇ ಭಾರತ ಸರ್ಕಾರ 1984ರಲ್ಲಿ ಶುರುವಾದ ‘ಕ್ಲಾಸ್’ ಯೋಜನೆಗೆ ಆರಿಸಿಕೊಂಡಿತು. ಮೊದಲ ಸುತ್ತಿನಲ್ಲಿ ದೇಶದ ಸುಮಾರು 250 ಶಾಲೆಗಳಿಗೆ ಅದು ಬಂತು. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಲಿಮಿಟೆಡ್ ಅದನ್ನು ‘ಎಸ್‌ಸಿಎಲ್ ಯೂನಿಕಾರ್ನ್’ ಹೆಸರಿನಲ್ಲಿ ಇಲ್ಲಿಯೇ ತಯಾರಿಸಿತು. ಬಿಬಿಸಿ ಮೈಕ್ರೊವನ್ನು ಕಟ್ಟಿದ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಮುಂದೆ 1985ರಲ್ಲಿ ಆರ್ಮ್ ಪ್ರೊಸೆಸರನ್ನು ರೂಪಿಸಿದರು. ಅದೇ ವಂಶದ ಸ್ಟ್ರಾಂಗ್‌ಆರ್ಮ್ ಚಿಪ್ ಬೆಂಗಳೂರಿನ ಸಿಂಪ್ಯೂಟರಿನೊಳಗೆ ಕೂತಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯ ಎಂಜಿನಿಯರುಗಳೂ ಸೇರಿ ರೂಪಿಸಿದ ಈ ಕೈಗಣಕ 2001ರಲ್ಲಿ ಜಗತ್ತಿನ ಗಮನ ಸೆಳೆಯಿತು; ಅದರ ‘ಅಮಿದಾ’ ಮಾದರಿ 2004ರಲ್ಲಿ ಮಾರುಕಟ್ಟೆಗೆ ಬಂತು. ಇಂದು ನಮ್ಮೆಲ್ಲರ ಜೇಬಿನಲ್ಲಿರುವ ಫೋನುಗಳ ಪ್ರೊಸೆಸರೂ ಅದೇ ವಂಶದ್ದು. ಈ ಕಥೆಯನ್ನು ಪುಸ್ತಕದಲ್ಲಿ ಓದಬಹುದು. ಆದರೆ ಅದರ ಮೊದಲ ಅಧ್ಯಾಯವನ್ನು ಕೈಯಿಂದ ಮುಟ್ಟಿ, ಕೀಲಿಯೊತ್ತಿ, ಉತ್ತರ ಪಡೆಯಬೇಕೆಂದರೆ ಆ ಯಂತ್ರ ಎಲ್ಲಾದರೂ ಓಡುತ್ತಿರಬೇಕು. ಸಂಗ್ರಾಹಕರ ಹಟವೆಲ್ಲ ಇದೊಂದೇ: ಉಳಿಸುವುದಾದರೆ ಓಡುವಂತೆ ಉಳಿಸಬೇಕು.

ಕೆ.ಜಿ. ಲೆಕ್ಕದ ಇತಿಹಾಸ

ಹುಡುಕಾಟ ಶುರುವಾಗುವುದು ಗುಜರಿಯಲ್ಲಿ. ಬೆಂಗಳೂರಿನಲ್ಲಾದರೆ ಎಸ್.ಪಿ. ರಸ್ತೆಯ ಇಕ್ಕಟ್ಟು ಅಂಗಡಿಗಳು, ಚಿಕ್ಕಪೇಟೆ ಆಸುಪಾಸಿನ ಸಂಡೇ ಬಜಾರ್. ಉಳಿದ ಊರುಗಳಲ್ಲಿ ಹಳೆ ಕಬ್ಬಿಣ, ಹಳೆ ಪೇಪರ್ ಕೊಳ್ಳುವವರ ಶೆಡ್ಡು. ಸರ್ಕಾರಿ ಕಚೇರಿ, ಬ್ಯಾಂಕು, ಕಾಲೇಜುಗಳು ‘ನಿರುಪಯುಕ್ತ ಸಾಮಗ್ರಿ’ ಎಂದು ಹರಾಜು ಹಾಕಿದ ಪೆಟ್ಟಿಗೆಗಳೆಲ್ಲ ಬಂದು ಸೇರುವುದು ಇಲ್ಲಿಗೆ.

ಗುಜರಿಯವರಿಗೆ ಕಂಪ್ಯೂಟರ್ ಎಂದರೆ ತಾಮ್ರ, ಅಲ್ಯೂಮಿನಿಯಂ, ತಗಡು, ಪ್ಲಾಸ್ಟಿಕ್. ಹಳೆಯ ಸೆರಾಮಿಕ್ ಪ್ರೊಸೆಸರುಗಳಿಗೆ ಚಿನ್ನದ ಲೇಪ ಇರುವುದರಿಂದ ಅವನ್ನು ಮೊದಲೇ ಕಿತ್ತು ಬೇರೆ ಡಬ್ಬಿಗೆ ಹಾಕಿರುತ್ತಾರೆ. ಸಂಗ್ರಾಹಕ ಅಲ್ಲಿಗೆ ಹೋಗುವಷ್ಟರಲ್ಲಿ ಉಳಿದಿರುವುದು ಪ್ರೊಸೆಸರ್ ಇಲ್ಲದ ಬೋರ್ಡು, ಕೀಬೋರ್ಡ್ ಕಳೆದುಕೊಂಡ ಪೆಟ್ಟಿಗೆ, ವೈರು ಕತ್ತರಿಸಿದ ಮಾನಿಟರ್. ಒಂದು ಗಂಟೆ ಮುಂಚೆ ಬಂದಿದ್ದರೆ ಪೂರ್ತಿ ಯಂತ್ರವೇ ಸಿಗುತ್ತಿತ್ತೇನೋ ಎಂಬ ಸಂಕಟ ಈ ಹವ್ಯಾಸದಲ್ಲಿ ಯಾರನ್ನೂ ಬಿಟ್ಟಿಲ್ಲ.

ಭಾರತದ ಗುಜರಿಗೆ ಅದರದೇ ಆದ ಚರಿತ್ರೆಯಿದೆ. ಐಬಿಎಂ ದೇಶ ಬಿಟ್ಟು ಹೋದ 1978ರ ನಂತರ ಖಾಲಿಯಾದ ಜಾಗವನ್ನು ಎಚ್‌ಸಿಎಲ್, ಡಿಸಿಎಂ, ಇಸಿಐಎಲ್, ವಿಪ್ರೊ, ಬೆಂಗಳೂರಿನ ಪಿಎಸ್‌ಐ ಡೇಟಾ ಸಿಸ್ಟಮ್ಸ್ ಮುಂತಾದ ಕಂಪನಿಗಳು ತುಂಬಿದವು. 1984ರ ಹೊಸ ಕಂಪ್ಯೂಟರ್ ನೀತಿ ಬಿಡಿಭಾಗಗಳ ಆಮದನ್ನು ಸಲೀಸು ಮಾಡಿದ ಮೇಲೆ ಪಿಸಿ ತಯಾರಕರು ಹೆಚ್ಚಿದರು. ಸಿಂಕ್ಲೇರ್ ಕಂಪನಿಯ ಸ್ಪೆಕ್ಟ್ರಮ್ ಇಲ್ಲಿ ‘ಡಿಬಿ ಸ್ಪೆಕ್ಟ್ರಮ್ ಪ್ಲಸ್’ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಬ್ರಿಟನ್, ಅಮೆರಿಕಗಳಲ್ಲಿ ಕಾಮಡೋರ್ 64 ಅಥವಾ ಸ್ಪೆಕ್ಟ್ರಮ್ ಬೇಕೆಂದರೆ ಇಂದಿಗೂ ಕೊಳ್ಳಲು ಸಿಗುತ್ತವೆ, ಏಕೆಂದರೆ ಅವು ಲಕ್ಷಗಟ್ಟಲೆ ಮನೆಗಳಿಗೆ ಹೋಗಿದ್ದವು. ನಮ್ಮ ಯಂತ್ರಗಳು ಮನೆಗಳಿಗೆ ಬಂದದ್ದು ಕಡಿಮೆ, ಕಚೇರಿಗಳಲ್ಲೇ ದುಡಿದು ಅಲ್ಲಿಂದ ನೇರ ಗುಜರಿ ಸೇರಿದವು. ಅಟ್ಟದ ಮೇಲೆ ಇಟ್ಟು ಮರೆತುಬಿಡುವವರ ದಯೆಯೂ ಅವಕ್ಕೆ ಸಿಗಲಿಲ್ಲ. ಹಾಗಾಗಿ ಹೊರಮೈ ಮೇಲೆ ಭಾರತೀಯ ಕಂಪನಿಯ ಲಾಂಛನವಿರುವ ಒಂದು ಪಿಸಿ ಇಡಿಯಾಗಿ ಸಿಕ್ಕರೆ ಇಲ್ಲಿನ ಸಂಗ್ರಾಹಕರ ಪಾಲಿಗೆ ಅದು ಹಬ್ಬ.

ಮೊದಲ ಪಾಠ: ಸ್ವಿಚ್ ಹಾಕಬೇಡಿ

ಯಂತ್ರ ಮನೆಗೆ ಬಂತು. ಒರೆಸಿದ್ದಾಯಿತು. ಈಗ ಪ್ಲಗ್ ಸಿಕ್ಕಿಸಿ ನೋಡಿಬಿಡೋಣ ಎಂಬ ಆಸೆಗೆ ಬಿದ್ದವರು ಅದನ್ನು ಅಲ್ಲಿಯೇ ಕೊಂದುಬಿಡಬಹುದು.

ದಶಕಗಳ ಕಾಲ ಸುಮ್ಮನೆ ಕೂತ ವಿದ್ಯುತ್ ಉಪಕರಣದಲ್ಲಿ ಮೊದಲು ಕೆಡುವುದು ಕೆಪಾಸಿಟರುಗಳು. 1980ರ ದಶಕದ ಅನೇಕ ಪವರ್ ಸಪ್ಲೈಗಳಲ್ಲಿ ಪಾರದರ್ಶಕ ಹೊದಿಕೆಯ ರೀಫಾ ಕೆಪಾಸಿಟರುಗಳಿವೆ. ಒಳಗಿರುವುದು ಲೋಹದ ಲೇಪವುಳ್ಳ ಕಾಗದ. ಹೊದಿಕೆ ವರ್ಷ ಕಳೆದಂತೆ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ತೇವ ಇಳಿಯುತ್ತದೆ, 230 ವೋಲ್ಟ್ ಹರಿದು ಸ್ವಲ್ಪ ಹೊತ್ತಿಗೆ ಪಟ್ಟೆಂದು ಸಿಡಿದು ಕೋಣೆಯ ತುಂಬ ಕಮಟು ಹೊಗೆ ತುಂಬುತ್ತದೆ. ಬಿಬಿಸಿ ಮೈಕ್ರೊದಲ್ಲೂ ಹಲವು ಆಪಲ್ 2 ಯಂತ್ರಗಳಲ್ಲೂ ಇವೇ ಇದ್ದವು. ಅವನ್ನು ಮೊದಲೇ ತೆಗೆದು ಹೊಸದು ಹಾಕಿದರೆ ಮುಗಿಯಿತು. ಖರ್ಚು ಕೆಲವೇ ರೂಪಾಯಿ. ಅಮೆರಿಕದಿಂದ ಬಂಧುಗಳು ಪ್ರೀತಿಯಿಂದ ಹೊತ್ತು ತಂದ ಯಂತ್ರವಾದರೆ ಇನ್ನೊಂದು ಎಚ್ಚರ ಬೇಕು. ಅದು 110 ವೋಲ್ಟಿಗೆಂದು ಮಾಡಿದ್ದಾಗಿದ್ದರೆ ನಮ್ಮ ಗೋಡೆಯ ಪ್ಲಗ್ಗೇ ಅದಕ್ಕೆ ಮೃತ್ಯು.

1982ರಲ್ಲಿ ಬಂದ ಕಾಮಡೋರ್ 64ರ ಜೊತೆಗಿನ ಕಪ್ಪು ಅಡಾಪ್ಟರ್ ಇನ್ನೂ ಅಪಾಯಕಾರಿ. ಅದರೊಳಗಿನ ರೆಗ್ಯುಲೇಟರ್ ಕೆಟ್ಟರೆ 5 ವೋಲ್ಟ್ ಇರಬೇಕಾದಲ್ಲಿ ಅದಕ್ಕೂ ಹೆಚ್ಚು ಹರಿದು ಮೆಮೊರಿ ಚಿಪ್ಪುಗಳು ಸುಟ್ಟುಹೋಗುತ್ತವೆ. ಬಲ್ಲವರು ಆ ಅಡಾಪ್ಟರನ್ನು ಬಳಸುವುದೇ ಇಲ್ಲ.

ಇನ್ನು 286, 386, 486 ಕಾಲದ ಪಿಸಿಗಳು. ಅವುಗಳ ಮದರ್‌ಬೋರ್ಡಿನ ಮೇಲೆ ನೀಲಿ ಅಥವಾ ಹಸಿರು ಬಣ್ಣದ 3.6 ವೋಲ್ಟಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯೊಂದನ್ನು ಬೆಸೆದಿರುತ್ತಾರೆ. ಗಡಿಯಾರವೂ ಸೆಟ್ಟಿಂಗುಗಳೂ ಮರೆಯದಿರಲೆಂದು ಹಾಕಿದ್ದು ಅದು. ವಯಸ್ಸಾದ ಮೇಲೆ ಸೋರುತ್ತದೆ. ಸೋರಿದ ಕ್ಷಾರ ತಾಮ್ರದ ಗೆರೆಗಳನ್ನು ತಿನ್ನುತ್ತ, ಕಿಲುಬು ಹಬ್ಬಿಸುತ್ತ, ಕೀಬೋರ್ಡ್ ಕನೆಕ್ಟರಿನವರೆಗೂ ಹೋಗುತ್ತದೆ. ಮೊದಲು ಬ್ಯಾಟರಿ ತೆಗೆಯಬೇಕು. ಬಿಳಿ ವಿನೆಗರ್ ಹಚ್ಚಿ ಕ್ಷಾರವನ್ನು ತಟಸ್ಥಗೊಳಿಸಬೇಕು, ಹಳೆ ಟೂತ್‌ಬ್ರಷ್ಷಿನಿಂದ ಉಜ್ಜಬೇಕು, ನೀರಲ್ಲಿ ತೊಳೆದು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಬೇಕು. ಆಮೇಲೆ ಭೂತಗನ್ನಡಿ ಹಿಡಿದು ಒಂದೊಂದೇ ಗೆರೆಯ ಎರಡು ತುದಿಗೂ ಮಲ್ಟಿಮೀಟರ್ ಮುಟ್ಟಿಸಿ ನೋಡಬೇಕು. ಮೀಟರ್ ಕೂಗಿದರೆ ಗೆರೆ ಬದುಕಿದೆ. ಕೂಗದಿದ್ದಲ್ಲಿ ಕೂದಲೆಳೆಯಂಥ ಎನಾಮಲ್ ತಂತಿಯಿಂದ ಸೇತುವೆ ಕಟ್ಟಬೇಕು.

ಅರ್ಥವಾಗುವ ಯಂತ್ರದ ಸುಖ

ಇಷ್ಟೆಲ್ಲ ಪಾಡು ಪಡುವುದೇಕೆ? ಎಲ್ಲ ಬಗೆಯ ಹಳೆಯ ಆಟಗಳನ್ನೂ ಪ್ರೋಗ್ರಾಮುಗಳನ್ನೂ ಇಂದಿನ ಲ್ಯಾಪ್‌ಟಾಪಿನ ಎಮ್ಯುಲೇಟರಿನಲ್ಲಿ ಓಡಿಸಬಹುದಲ್ಲ ಎಂಬ ಪ್ರಶ್ನೆ ಸಹಜ.

ಉತ್ತರ ಯಂತ್ರದ ಗಾತ್ರದಲ್ಲಿದೆ. ಬಿಬಿಸಿ ಮೈಕ್ರೊ, ಆಪಲ್ 2ಗಳ ಒಳಗಿರುವ 6502 ಪ್ರೊಸೆಸರಿನಲ್ಲಿ ಇರುವುದು ಸುಮಾರು 3,500 ಟ್ರಾನ್ಸಿಸ್ಟರ್. ಇಂದಿನ ಒಳ್ಳೆಯ ಫೋನಿನ ಚಿಪ್ಪಿನಲ್ಲಿ ಅವುಗಳ ಸಂಖ್ಯೆ 1,000 ಕೋಟಿಯನ್ನೂ ಮೀರುತ್ತದೆ. ಅದನ್ನು ಪೂರ್ತಿ ತಿಳಿದ ಒಬ್ಬ ಮನುಷ್ಯ ಜಗತ್ತಿನಲ್ಲಿಲ್ಲ. 1978ರ ಆಪಲ್ 2 ಕೈಪಿಡಿಯಲ್ಲಾದರೋ ಯಂತ್ರದ ಸರ್ಕ್ಯೂಟ್ ನಕ್ಷೆಯನ್ನೂ ಅದರ ಕಾಯಂ ಮೆಮೊರಿಯಲ್ಲಿದ್ದ ಮೂಲ ಪ್ರೋಗ್ರಾಮನ್ನೂ ಮುದ್ರಿಸಿ ಕೊಂಡವರ ಕೈಗೇ ಕೊಟ್ಟಿದ್ದರು. ಆಸಕ್ತಿ ಮತ್ತು ತಾಳ್ಮೆಯಿದ್ದ ಒಬ್ಬ ವ್ಯಕ್ತಿ ಆ ಯಂತ್ರವನ್ನು ಬುಡದಿಂದ ತುದಿಯವರೆಗೆ ಅರಿಯಬಹುದಿತ್ತು. ಇಂದಿಗೂ ಅರಿಯಬಹುದು.

ದೋಷ ಹುಡುಕುವ ಆಟ ಅಲ್ಲಿಂದ ರಂಗೇರುತ್ತದೆ. 1982ರ ಜ಼ೆಡ್‌ಎಕ್ಸ್ ಸ್ಪೆಕ್ಟ್ರಮ್ ಒಂದನ್ನು ಹಚ್ಚಿದಾಗ ಪರದೆಯ ತುಂಬ ಬಣ್ಣಬಣ್ಣದ ಚೌಕಗಳು ಕಾಣುತ್ತವೆ ಎನ್ನಿ. ಅದರ ಕೆಳಗಿನ 16ಕೆ ಮೆಮೊರಿಗೆಂದು ಇರುವ 4116 ಎಂಬ ಎಂಟು ಚಿಪ್ಪುಗಳು +5, +12 ಮತ್ತು -5 ಎಂಬ ಮೂರು ವೋಲ್ಟೇಜುಗಳನ್ನು ಬೇಡುತ್ತವೆ. -5 ಇಲ್ಲವಾದರೆ ಉಳಿದೆರಡು ಸರಿಯಾಗಿದ್ದರೂ ಚಿಪ್ಪುಗಳು ಬಿಸಿಯಾಗಿ ಸಾಯುತ್ತವೆ. ಮೊದಲು ವೋಲ್ಟೇಜು ಅಳೆಯುವುದು, ಅದನ್ನು ಉತ್ಪಾದಿಸುವ ಟ್ರಾನ್ಸಿಸ್ಟರನ್ನು ಪರೀಕ್ಷಿಸುವುದು, ಆಮೇಲೆ ಬೆರಳಿಂದ ಮುಟ್ಟಿ ಯಾವ ಚಿಪ್ ವಿಪರೀತ ಬಿಸಿಯಾಗಿದೆ ಎಂದು ನೋಡುವುದು. ಎಂಟು ಚಿಪ್ಪುಗಳು ಒಂದು ಬೈಟಿನ ಎಂಟು ಬಿಟ್‌ಗಳನ್ನು ಹಂಚಿಕೊಂಡಿರುವುದರಿಂದ ಪರದೆಯ ಮೇಲಿನ ಗೆರೆಗಳ ವಿನ್ಯಾಸವೇ ಎಷ್ಟನೆಯ ಚಿಪ್ ಸತ್ತಿದೆ ಎಂದು ಹೇಳಿಬಿಡಬಹುದು. ಯಂತ್ರ ತನ್ನ ನೋವನ್ನು ತಾನೇ ತೋರಿಸುತ್ತದೆ, ನೋಡುವ ಕಣ್ಣು ಬೇಕಷ್ಟೆ. ಸರಿಯಾಗಿ ಊಹಿಸಿ, ಸತ್ತ ಚಿಪ್ಪನ್ನು ಬಿಡಿಸಿ, ಸಾಕೆಟ್ ಹಾಕಿ, ಹೊಸದನ್ನು ಕೂರಿಸಿದಾಗ ಪರದೆ ತಿಳಿಯಾಗುವ ಕ್ಷಣದ ಸಂತೋಷಕ್ಕೆ ಸರಿಸಾಟಿಯಿಲ್ಲ. ಎಮ್ಯುಲೇಟರ್ ಆ ಯಂತ್ರದ ಪ್ರೋಗ್ರಾಮನ್ನು ಓಡಿಸುತ್ತದೆ. ಈ ಅರಿವನ್ನು ಮಾತ್ರ ಯಂತ್ರವೇ ಕೊಡಬೇಕು.

ಕೈಮೀರಿದ ಸಂಕಟಗಳು

ಎಲ್ಲ ಕಥೆಯೂ ಹೀಗೆ ಸುಖವಾಗಿ ಮುಗಿಯುವುದಿಲ್ಲ. 6502, ಜ಼ೆಡ್80ಯಂಥ ಸಾಮಾನ್ಯ ಚಿಪ್ಪುಗಳು ಹೇಗೋ ಸಿಗುತ್ತವೆ. ಒಂದೇ ಕಂಪನಿ, ಒಂದೇ ಮಾದರಿಗೆಂದು ಮಾಡಿಸಿದ ಚಿಪ್ಪುಗಳ ಕಥೆ ಬೇರೆ. ಸ್ಪೆಕ್ಟ್ರಮ್ಮಿನ ಯುಎಲ್‌ಎ, ಕಾಮಡೋರ್ 64ಕ್ಕೆ ಅದರ ಹೆಸರಾಂತ ನಾದವನ್ನು ಕೊಟ್ಟ ಎಸ್‌ಐಡಿ ಇವುಗಳ ತಯಾರಿಕೆ ನಿಂತು ದಶಕಗಳಾದವು. ಒಂದು ಸತ್ತರೆ ಇನ್ನೊಂದು ಯಂತ್ರದಿಂದ ಕಿತ್ತು ತರಬೇಕು. ಒಂದನ್ನು ಬದುಕಿಸಲು ಇನ್ನೊಂದನ್ನು ಬಲಿಕೊಡಬೇಕೆ ಎಂಬುದು ಈ ಹವ್ಯಾಸದ ಧರ್ಮಸಂಕಟ. ಹೊಸ ತಂತ್ರಜ್ಞಾನದಲ್ಲಿ ಮಾಡಿದ ಬದಲಿ ಚಿಪ್ಪುಗಳು ಈಗ ಬರುತ್ತಿವೆ. ಅವನ್ನು ಹಾಕಿದರೆ ಯಂತ್ರದ ಅಸಲಿತನ ಹೋಯಿತೇ ಎಂಬ ವಾದ ಇನ್ನೂ ಮುಗಿದಿಲ್ಲ. ನನ್ನ ಮಟ್ಟಿಗೆ, ಮೂಲ ಭಾಗವನ್ನು ಹಾಳುಮಾಡದೆ ಜೋಪಾನವಾಗಿ ತೆಗೆದಿಟ್ಟು ಬದಲಿಯನ್ನು ಹಾಕಿದರೆ ತಪ್ಪೇನಿಲ್ಲ. ಮೂಗುತನಕ್ಕಿಂತ ಬದಲಿ ನಾಲಿಗೆ ಮೇಲು.

ಹೊರಮೈ ಕೂಡ ಗೋಳಾಡಿಸುತ್ತದೆ. ಬೂದು, ಕೆನೆಬಣ್ಣದ ಪ್ಲಾಸ್ಟಿಕ್ ಹಳದಿಗಟ್ಟುವುದಕ್ಕೆ ಬೆಂಕಿ ತಡೆಯಲೆಂದು ಬೆರೆಸಿದ ಬ್ರೋಮಿನ್ ಸಂಯುಕ್ತಗಳ ಮೇಲೆ ಬಹುಕಾಲದಿಂದ ಬೊಟ್ಟು ಮಾಡಲಾಗುತ್ತಿದೆ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗೆ ಒಡ್ಡಿದರೆ ಹಳೆಯ ಬಣ್ಣ ಮರಳುತ್ತದೆ ಎಂದು ಹವ್ಯಾಸಿಗಳು 2008ರಲ್ಲಿ ಕಂಡುಕೊಂಡರು. ನಮ್ಮ ಬೇಸಿಗೆಯ ತಾರಸಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಆದರೆ ಕೆಲವು ಪ್ಲಾಸ್ಟಿಕ್ ಕೆಲ ವರ್ಷಗಳಲ್ಲಿ ಮತ್ತೆ ಹಳದಿಯಾಗುತ್ತದೆ, ಅಳತೆ ತಪ್ಪಿದರೆ ಕಲೆ ಕಲೆಯಾಗಿಯೂ ಕೂರುತ್ತದೆ.

ಗಾಜಿನ ಕೊಳವೆಯ ಮಾನಿಟರುಗಳದು ಇನ್ನೊಂದು ಕಷ್ಟ. ಒಳಗೆ 10,000 ವೋಲ್ಟಿಗೂ ಮೀರಿದ ಒತ್ತಡ, ಆರಿಸಿದ ಮೇಲೂ ಕೊಳವೆಯಲ್ಲಿ ಉಳಿಯುವ ಆವೇಶ. ಬಲ್ಲವರ ಹೊರತು ಯಾರೂ ಕೈ ಹಾಕಬಾರದು. ಬಲ್ಲವರೆಂದರೆ ಹಳೆಯ ಟಿ.ವಿ. ಮೆಕ್ಯಾನಿಕ್ಕುಗಳು. ಒಂದು ಕಾಲಕ್ಕೆ ಪ್ರತಿ ಬೀದಿಯಲ್ಲೂ ಒಬ್ಬರಿದ್ದರು, ಫ್ಲಾಟ್ ಟಿ.ವಿ. ಬಂದ ಮೇಲೆ ಅಂಗಡಿ ಮುಚ್ಚಿದರು. ಅವರ ಬೆರಳಿನಲ್ಲಿದ್ದ ತಿಳಿವಳಿಕೆಯನ್ನು ಯಾರೂ ಬರೆದಿಟ್ಟುಕೊಳ್ಳಲಿಲ್ಲ.

ಫ್ಲಾಪಿಯಲ್ಲಿ ಸಿಕ್ಕಿಬಿದ್ದ ಕನ್ನಡ

ಯಂತ್ರಗಳನ್ನು ಓಡುವಂತೆ ಇಡಬೇಕೆಂಬುದಕ್ಕೆ ಭಾವನೆಯನ್ನು ಮೀರಿದ ಕಾರಣವೂ ಇದೆ. ಚಿತ್ರಕಾರ ಆಂಡಿ ವಾರ್ಹೋಲ್ 1985ರಲ್ಲಿ ಅಮಿಗಾ ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರಗಳು ದಶಕಗಳ ಕಾಲ ಫ್ಲಾಪಿಗಳಲ್ಲೇ ಉಳಿದಿದ್ದವು. ಅವನ್ನು ಹೊರತೆಗೆದು 2014ರಲ್ಲಿ ಜಗತ್ತಿಗೆ ತೋರಿಸಿದವರು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕ್ಲಬ್ಬಿನ ಹವ್ಯಾಸಿಗಳು. ಹಳೆಯ ಯಂತ್ರದ ಒಳಗುಟ್ಟು ಬಲ್ಲ ಕೈಗಳಿಲ್ಲದಿದ್ದರೆ ಆ ಚಿತ್ರಗಳು ಅಲ್ಲಿಯೇ ಅಳಿಯುತ್ತಿದ್ದವು.

ಕನ್ನಡದ ಕಥೆಯೂ ಇದೇ. ಯುನಿಕೋಡ್ ಕನ್ನಡವನ್ನು 1991ರಲ್ಲೇ ಸೇರಿಸಿಕೊಂಡರೂ ಅದು ಜನಸಾಮಾನ್ಯರ ಕಂಪ್ಯೂಟರಿನಲ್ಲಿ ನೆಲೆಯೂರಿದ್ದು 2001ರ ವಿಂಡೋಸ್ ಎಕ್ಸ್‌ಪಿ ನಂತರ. ಅದಕ್ಕೂ ಮುಂಚೆ ಕನ್ನಡ ಬೇಕೆಂದರೆ ಡಾಸ್ ಕಂಪ್ಯೂಟರಿನೊಳಗೆ ಜಿಸ್ಟ್ ಕಾರ್ಡ್ ಕೂರಿಸಬೇಕಿತ್ತು. ಐಐಟಿ ಕಾನ್ಪುರದಲ್ಲಿ ಹುಟ್ಟಿ ಸಿ-ಡ್ಯಾಕ್‌ನಲ್ಲಿ ಬೆಳೆದ ಈ ಕಾರ್ಡು ಭಾರತದ ಲಿಪಿಗಳನ್ನು ಪರದೆಗೆ ತರುತ್ತಿತ್ತು. ಆಮೇಲೆ ಶ್ರೀಲಿಪಿ, ಬರಹ, ನುಡಿ ಬಂದವು. ಕೀಲಿಮಣೆಯ ವಿನ್ಯಾಸಕ್ಕೆ ಕೆ.ಪಿ. ರಾವ್ ಅವರು ಕೊಟ್ಟ ರೂಪ ಇಂದಿಗೂ ನಮ್ಮ ಬೆರಳಿನಡಿ ಇದೆ. ಆದರೆ ಒಂದೊಂದು ತಂತ್ರಾಂಶವೂ ಅಕ್ಷರಗಳಿಗೆ ತನ್ನದೇ ಸಂಕೇತ ಕೊಟ್ಟಿತ್ತು. ಆ ವರ್ಷಗಳಲ್ಲಿ ಟೈಪಾದ ಕಾದಂಬರಿ, ಪ್ರಬಂಧ, ಪತ್ರಿಕೆಯ ಪುಟಗಳನ್ನು ಓದಲು ಮೂರು ಬಾಗಿಲು ದಾಟಬೇಕು: ಫ್ಲಾಪಿ ಓದುವ ಡ್ರೈವ್, ಫೈಲು ತೆರೆಯುವ ತಂತ್ರಾಂಶ, ಅದನ್ನು ಓಡಿಸುವ ಯಂತ್ರ.

ಮೊದಲ ಬಾಗಿಲೇ ಮುಚ್ಚುತ್ತಿದೆ. ಸೋನಿ ಕಂಪನಿ 2011ರಲ್ಲಿ ಫ್ಲಾಪಿ ಮಾರಾಟ ನಿಲ್ಲಿಸಿತು. ಕರಾವಳಿ, ಮಲೆನಾಡಿನ ಮಳೆಗಾಲದ ತೇವಕ್ಕೆ ಫ್ಲಾಪಿಯ ಕಂದು ತಟ್ಟೆಯ ಮೇಲೆ ಬೂಷ್ಟು ಬೆಳೆಯುತ್ತದೆ. ಅದನ್ನು ಹಾಗೆಯೇ ಡ್ರೈವಿಗೆ ತೂರಿಸಿದರೆ ಹೆಡ್ಡಿಗೆ ಕೊಳೆ ಅಂಟಿ, ಮುಂದೆ ಹಾಕುವ ಒಳ್ಳೆಯ ಫ್ಲಾಪಿಯನ್ನೂ ಕೆರೆದುಬಿಡುತ್ತದೆ. ಬಲ್ಲವರು ಮೊದಲು ತಟ್ಟೆಯನ್ನು ಶುದ್ಧಗೊಳಿಸಿ, ಗ್ರೀಸ್‌ವೀಜ಼ಲ್ ಅಥವಾ ಕ್ರಯೊಫ್ಲಕ್ಸ್ ಎಂಬ ಸಾಧನದಿಂದ ಓದಿಸುತ್ತಾರೆ. ಅವು ಫೈಲುಗಳ ಗೊಡವೆಗೆ ಹೋಗದೆ ತಟ್ಟೆಯ ಮೇಲಿನ ಅಯಸ್ಕಾಂತದ ಏರಿಳಿತವನ್ನೇ ದಾಖಲಿಸಿಕೊಳ್ಳುತ್ತವೆ. ಮಾಸಿದ ಬರಹವನ್ನು ಬಿಡಿಸಿ ಓದುವ ಕೆಲಸವನ್ನು ಆಮೇಲೆ ನಿಧಾನವಾಗಿ ಮಾಡಬಹುದು.

ಜಗತ್ತು ಉಳಿಸಿಕೊಂಡದ್ದು, ಕಳೆದುಕೊಂಡದ್ದು

ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಗೂಢಲಿಪಿ ಒಡೆದ ಕೊಲೊಸಸ್ ಯಂತ್ರಗಳಲ್ಲಿ ಬಹುಪಾಲು ಯುದ್ಧದ ನಂತರ ಬಿಚ್ಚಿಹೋದವು. ಟೋನಿ ಸೇಲ್ ಎಂಬ ಎಂಜಿನಿಯರ್ 1993ರಲ್ಲಿ ಕೆಲವು ಫೋಟೊ, ನಕ್ಷೆಯ ಚೂರುಪಾರು, ಹಳಬರ ನೆನಪು ಇಷ್ಟನ್ನೇ ನೆಚ್ಚಿ ಬ್ಲೆಚ್ಲಿ ಪಾರ್ಕಿನಲ್ಲಿ ಅದನ್ನು ಮತ್ತೆ ಕಟ್ಟಲಾರಂಭಿಸಿದರು. ಕೆಲಸ ಪೂರ್ಣಗೊಂಡದ್ದು 2007ರಲ್ಲಿ. ಅದೇ ಆವರಣದ ರಾಷ್ಟ್ರೀಯ ಕಂಪ್ಯೂಟಿಂಗ್ ವಸ್ತುಸಂಗ್ರಹಾಲಯದಲ್ಲಿ 1951ರಲ್ಲಿ ಕೆಲಸ ಆರಂಭಿಸಿದ್ದ ಹಾರ್ವೆಲ್ ಡೆಕಟ್ರಾನ್ 2012ರಲ್ಲಿ ಮತ್ತೆ ಓಡತೊಡಗಿತು. ಎರಡೂವರೆ ಟನ್ ತೂಕದ ಆ ಗಣಕ ಲೆಕ್ಕ ಮಾಡುವುದನ್ನು ಶಾಲೆಯ ಮಕ್ಕಳು ಕಣ್ಣಾರೆ ಕಾಣುತ್ತಾರೆ. 1970ರ ದಶಕದಲ್ಲಿ ನಾಸಾದ ಗುಜರಿಯ ರಾಶಿಯಲ್ಲಿ ಮಾರಾಟವಾಗಿ ಹೋಗಿದ್ದ ಅಪೊಲೊ ಮಾರ್ಗದರ್ಶಿ ಗಣಕವೊಂದನ್ನು ಮಾರ್ಕ್ ವರ್ಡಿಯೆಲ್, ಕೆನ್ ಶಿರಿಫ್, ಮೈಕ್ ಸ್ಟುವರ್ಟ್, ಕಾರ್ಲ್ ಕ್ಲಾಂಚ್ ಅವರ ತಂಡ ಚಂದ್ರಯಾತ್ರೆಯ 50ನೇ ವರ್ಷದ ಹೊತ್ತಿಗೆ, 2019ರಲ್ಲಿ, ಮತ್ತೆ ಓಡಿಸಿ ತೋರಿಸಿತು.

ಕಳೆದುಕೊಂಡದ್ದರ ಉದಾಹರಣೆಯೂ ಇದೆ. ಮೈಕ್ರೊಸಾಫ್ಟ್ ಸ್ಥಾಪಕರಲ್ಲೊಬ್ಬರಾದ ಪಾಲ್ ಅಲೆನ್ ಸಿಯಾಟಲ್‌ನಲ್ಲಿ ಕಟ್ಟಿದ, 2012ರಲ್ಲಿ ತೆರೆದ ಲಿವಿಂಗ್ ಕಂಪ್ಯೂಟರ್ಸ್ ವಸ್ತುಸಂಗ್ರಹಾಲಯದಲ್ಲಿ ಬಂದವರೇ ಹಳೆಯ ಯಂತ್ರಗಳ ಮುಂದೆ ಕೂತು ಕೀಲಿ ಒತ್ತಬಹುದಿತ್ತು. ಅಲೆನ್ 2018ರಲ್ಲಿ ತೀರಿಕೊಂಡರು. 2020ರಲ್ಲಿ ಮುಚ್ಚಿದ ಬಾಗಿಲು ಮತ್ತೆ ತೆರೆಯಲಿಲ್ಲ, 2024ರಲ್ಲಿ ಸಂಗ್ರಹದ ವಸ್ತುಗಳು ಹರಾಜಿಗೆ ಹೋದವು. ಒಬ್ಬರ ಹಣ, ಒಬ್ಬರ ಹಂಬಲವನ್ನೇ ನೆಚ್ಚಿದ ಸಂಗ್ರಹ ಎಷ್ಟೇ ದೊಡ್ಡದಿರಲಿ, ಅವರ ಆಯುಷ್ಯದಾಚೆಗೆ ಉಳಿಯುತ್ತದೆಂಬ ಖಾತರಿಯಿಲ್ಲ. ಮನೆಯ ಒಂದು ಕೋಣೆಯಲ್ಲಿ ಯಂತ್ರಗಳನ್ನು ಪೇರಿಸಿಕೊಂಡ ನಮ್ಮ ಹವ್ಯಾಸಿಗಳಿಗೂ ಈ ಮಾತು ಸಲ್ಲುತ್ತದೆ. ಯಾವ ಯಂತ್ರ, ಎಲ್ಲಿ ಸಿಕ್ಕಿತು, ಏನು ಕೆಟ್ಟಿತ್ತು, ಹೇಗೆ ಸರಿಯಾಯಿತು ಎಂಬುದನ್ನು ಬರೆದಿಡುವುದು, ಆಸಕ್ತಿಯಿರುವ ಒಬ್ಬ ಹುಡುಗಿಗೋ ಹುಡುಗನಿಗೋ ಬೆಸುಗೆ ಕಲಿಸುವುದು ಯಂತ್ರವನ್ನು ಸರಿಪಡಿಸಿದಷ್ಟೇ ಮುಖ್ಯವಾದ ಕೆಲಸ.

ನಿಮ್ಮ ಅಟ್ಟದಲ್ಲಿ ಹಳೆಯ ಕಂಪ್ಯೂಟರ್ ಇದೆಯೇ?

- ಪ್ಲಗ್ ಸಿಕ್ಕಿಸಬೇಡಿ. ಮೊದಲು ಬಲ್ಲವರಿಂದ ಪವರ್ ಸಪ್ಲೈ ಪರೀಕ್ಷೆ ಮಾಡಿಸಿ.
- ಮದರ್‌ಬೋರ್ಡಿನ ಬ್ಯಾಟರಿಯನ್ನು ಇಂದೇ ತೆಗೆಸಿ. ಸೋರಿಕೆ ನಿಮಗಾಗಿ ಕಾಯುವುದಿಲ್ಲ.
- ಮಾನಿಟರ್ ಬಿಚ್ಚಬೇಡಿ.
- ಫ್ಲಾಪಿಗಳನ್ನು ತೇವ, ಬಿಸಿಲು, ಸ್ಪೀಕರಿನ ಅಯಸ್ಕಾಂತದಿಂದ ದೂರವಿಡಿ. ಬೂಷ್ಟು ಕಂಡರೆ ಡ್ರೈವಿಗೆ ಹಾಕಬೇಡಿ.
- ಕೈಪಿಡಿ, ಬಿಲ್ಲು, ಕೇಬಲ್, ಖಾಲಿ ಡಬ್ಬಿ ಯಾವುದನ್ನೂ ಎಸೆಯಬೇಡಿ. ಭಾರತದಲ್ಲಿ ತಯಾರಾದ ಯಂತ್ರಗಳ ವಿಷಯದಲ್ಲಿ ಒಂದು ಹಾಳೆಯೂ ದೊಡ್ಡ ದಾಖಲೆ.
- ಬೇಡವೆಂದಾದರೆ ಗುಜರಿಗೆ ಹಾಕುವ ಮುನ್ನ ಹತ್ತಿರದ ಎಂಜಿನಿಯರಿಂಗ್ ಕಾಲೇಜನ್ನೋ ಸಂಗ್ರಾಹಕರನ್ನೋ ವಿಚಾರಿಸಿ.

ಓಡುವ ಒಂದು ಮನೆ

ಕಂಪ್ಯೂಟರಿನಿಂದಲೇ ಜಗತ್ತಿಗೆ ಪರಿಚಯವಾದ ಊರು ಬೆಂಗಳೂರು. ವಿಪ್ರೊದ ಮೊದಮೊದಲ ಯಂತ್ರಗಳು, ಪಿಎಸ್‌ಐ ಪೆಟ್ಟಿಗೆಗಳು, ಕನ್ನಡ ಮೂಡಿಸಿದ ಜಿಸ್ಟ್ ಕಾರ್ಡು, ಸಿಂಪ್ಯೂಟರ್ ಇವೆಲ್ಲ ಗಾಜಿನ ಕಪಾಟಿನಲ್ಲಿ ಫಲಕ ಹೊತ್ತು ಕೂತರೆ ಸಾಲದು. ನಮ್ಮ ಮಕ್ಕಳು ಅವುಗಳ ಮುಂದೆ ಕೂತು ಕೀಲಿ ಒತ್ತುವಂತಾಗಬೇಕು. ಇದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ. ಒಂದು ಕಾಲೇಜಿನ ಒಂದು ಕೋಣೆ, ಒಂದು ಬೆಸುಗೆ ಮೇಜು, ಆಸಿಲೊಸ್ಕೋಪು, ನಿವೃತ್ತರಾದ ಇಬ್ಬರು ತಂತ್ರಜ್ಞರು, ಕಲಿಯಲು ಬರುವ ಹತ್ತು ವಿದ್ಯಾರ್ಥಿಗಳು ಸಾಕು. ಐಟಿಐ, ಬಿಇಎಲ್, ಎಚ್‌ಎಂಟಿಯಂಥ ಕಾರ್ಖಾನೆಗಳಲ್ಲಿ ದುಡಿದು ಬೋರ್ಡುಗಳ ನಾಡಿ ಬಲ್ಲವರು ನಮ್ಮ ನಡುವೆ ಇನ್ನೂ ಇದ್ದಾರೆ. ಕೆಟ್ಟ ಕೆಪಾಸಿಟರಿಗೆ ಬದಲಿ ಅಂಗಡಿಯಲ್ಲಿ ಸಿಗುತ್ತದೆ, ಅವರಿಗೆ ಬದಲಿ ಸಿಗುವುದಿಲ್ಲ. ಅವರ ಪಕ್ಕದಲ್ಲಿ ಹೊಸಬರನ್ನು ಕೂರಿಸುವ ಕೆಲಸಕ್ಕೆ ಕಾಲೇಜುಗಳೂ ಸರ್ಕಾರವೂ ಕಂಪನಿಗಳೂ ಈ ವರ್ಷವೇ ಕೈಹಾಕಬೇಕು.